ಎಂಬತ್ತನಾಲ್ಕರಲ್ಲಿ ನಿಂತ ಮುಳ್ಳು

ಆಸ್ಪತ್ರೆಯ ಬಾಯ್ಲರ್ ಅಟೆಂಡೆಂಟ್ ತನ್ನದೇ ಬಾಯ್ಲರಿನ ಬಾಯಲ್ಲಿ ಸಿಕ್ಕಿಹಾಕಿಕೊಂಡದ್ದು ವಾರ್ಷಿಕ ತಪಾಸಣೆಯ ದಿನ, ಬೆಳಿಗ್ಗೆ ಹತ್ತೂಕಾಲಿಗೆ, ಸರ್ಕಾರದ ಇನ್ಸ್‌ಪೆಕ್ಟರರ ಕಣ್ಣೆದುರಿಗೆ.

ಬಾಯ್ಲರಿಗೆ ಬಾಯಿ ಇದೆ ಅನ್ನುವುದನ್ನು ಅದರ ಹೆಸರೇ ಹೇಳುತ್ತದೆ. ಲಾರಿಯಷ್ಟು ಉದ್ದದ ಉಕ್ಕಿನ ಪೀಪಾಯಿ. ಅದರ ಬೆನ್ನ ಮೇಲೆ ಮೊಟ್ಟೆಯಾಕಾರದ ಒಂದು ತೂತು, ಉದ್ದ ಹದಿನಾರು ಇಂಚು, ಅಗಲ ಹನ್ನೆರಡು. ವರ್ಷಕ್ಕೊಂದು ಸಲ ಬೆಂಕಿ ಆರಿಸಿ, ನೀರು ಬಸಿದು, ಎರಡು ದಿನ ತಣ್ಣಗಾಗಲು ಬಿಟ್ಟು, ಒಳಗೆ ಗಾಳಿ ಊದಿ, ಆ ತೂತಿನಿಂದ ಒಬ್ಬ ಮನುಷ್ಯ ಕೆಳಗಿಳಿಯಬೇಕು. ಕೊಳವೆಗಳ ಮೇಲೆ ಕಟ್ಟಿಕೊಂಡ ಸುಣ್ಣದ ಪದರವನ್ನು ಕೆರೆಯಬೇಕು, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಬೇಕು. ಇಂಗ್ಲಿಷಿನವರು ಅದನ್ನು ಮ್ಯಾನ್‌ಹೋಲ್ ಅಂದರು. ಅಂದರೆ ಒಬ್ಬ ಮನುಷ್ಯನಿಗೆಂದು ಕೊರೆದದ್ದು. ಆ ದಿನ ಅದರೊಳಗೆ ಇಳಿಯಲು ಹೊರಟವನು ತಕ್ಕಡಿಯ ಲೆಕ್ಕದಲ್ಲಿ ಒಂದೂವರೆ ಮನುಷ್ಯನಾಗಿದ್ದ.

ಎಲ್ಲರೂ ಬಾಯ್ಲರಣ್ಣ ಎಂದು ಕರೆಯುತ್ತಿದ್ದ ಆತ ಇಪ್ಪತ್ತೊಂದು ವರ್ಷ ಹೇಗೆ ಇಳಿದಿದ್ದನೋ ಹಾಗೆಯೇ ಕಾಲು ಮುಂದಿಟ್ಟು ಇಳಿದ. ಕಾಲು ಹೋಯಿತು, ಮಂಡಿ ಹೋಯಿತು, ತೊಡೆ ಹೋಯಿತು. ಹೊಟ್ಟೆ ಮಾತ್ರ ನಾನು ಬರುವುದಿಲ್ಲ ಎಂದು ಹೊಸ್ತಿಲಲ್ಲೇ ಕೂತುಬಿಟ್ಟಿತು. ಕೆಳಕ್ಕೂ ಇಲ್ಲ, ಮೇಲಕ್ಕೂ ಇಲ್ಲ. ಬೆಲ್ಟಿನಿಂದ ಮೇಲಿನ ಭಾಗ, ಟೋಪಿ ಮತ್ತು ಟಾರ್ಚಿನ ಸಮೇತ, ಬಾಯ್ಲರಿನ ನೆತ್ತಿಯ ಮೇಲೆ ಎದೆಮಟ್ಟದ ಪ್ರತಿಮೆಯಂತೆ ನಿಂತಿತು. ಹಾರ ಹಾಕುವುದೊಂದು ಬಾಕಿ.

ಅಷ್ಟರಲ್ಲಿ ಮೇಟ್ರನ್ ಬಂದರು. ಹಾಸಿಗೆ ಬಟ್ಟೆ ಒಗೆಯಲು ಹಬೆ ಯಾವಾಗ ಸಿಗುತ್ತದೆಂದು ಕೇಳುವುದಕ್ಕೆ ಬಂದವರು ಕತ್ತೆತ್ತಿ ನೋಡಿ, ಕೌಂಟರಿನ ಹಿಂದೆ ಕೂತವನನ್ನು ಕೇಳುವ ಹಾಗೆ ಕೇಳಿದರು: "ಏನಣ್ಣ, ಸ್ಟೀಮ್ ಯಾವಾಗ?"

"ನಾಳೆ ಸಂಜೆಗೆ ಸಿಗುತ್ತೆ ಸಿಸ್ಟರ್," ಅಂದ ಬಾಯ್ಲರಣ್ಣ, ಮರ್ಯಾದೆ ಬಿಡದೆ.

ಲಾಂಡ್ರಿಯಿಂದ ಒಂದು ಬಕೆಟ್ ಸೋಪಿನ ದ್ರಾವಣ ತಂದು ಸುತ್ತಲೂ ಸುರಿದರು. ಆಸ್ಪತ್ರೆಯ ಬಡಗಿ ಒಂದು ತೋಳು ಹಿಡಿದ, ಪಂಪಿನವನು ಇನ್ನೊಂದು. ಈ ಬಡಗಿ ಬಾಯ್ಲರಣ್ಣನಿಗೆ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಮನೆಯಲ್ಲೂ ತಪ್ಪಿಸಿಕೊಳ್ಳಲಾಗದ, ಕೆಲಸದಲ್ಲೂ ತಪ್ಪಿಸಿಕೊಳ್ಳಲಾಗದ ಸಂಬಂಧ. "ಉಸಿರು ಬಿಡಿ ಭಾವ, ಎಳೀತೀವಿ!" ಎಂದು ಎಳೆದರು. ಬಾಟಲಿಯ ಬಿರಡೆ ಕಿತ್ತಂಥ ಸದ್ದಾಯಿತು. ಬಾಯ್ಲರಣ್ಣ ಮೇಲೆ ಬಂದ. ಪ್ಯಾಂಟು ಬರಲಿಲ್ಲ.

ಮಧ್ಯಾಹ್ನ ಹೊರಗಿನ ಕಂಪನಿಯೊಂದರಿಂದ ಊದುಬತ್ತಿಯಂಥ ಒಬ್ಬನನ್ನು ಕರೆಸಿದರು. ಅವನು ಪತ್ರದ ಡಬ್ಬಿಗೆ ಕಾಗದ ಹಾಕಿದಷ್ಟು ಸುಲಭವಾಗಿ ಒಳಗೆ ಜಾರಿದ. ಹದಿನೈದೇ ನಿಮಿಷ. ಹೊರಗೆ ಬಂದು, "ಒಳಗೆಲ್ಲ ಕ್ಲೀನಾಗಿದೆ ಸಾರ್. ಸಿಕ್ಕಿದ್ದು ಇದೊಂದೇ," ಎಂದು ಪ್ಯಾಂಟನ್ನು ಇನ್ಸ್‌ಪೆಕ್ಟರರ ಕೈಗೆ ಕೊಟ್ಟ.

ಸಂಜೆಯ ಪಾಳಿ ಶುರುವಾಗುವ ಹೊತ್ತಿಗೆ ಬಾಯ್ಲರಣ್ಣನ ಹೆಸರು ಆರೂ ಮಹಡಿಗಳಲ್ಲಿ ಬದಲಾಗಿತ್ತು. ಬಿರಡೆ.

ಮರುದಿನ ಚೀಫ್ ಎಂಜಿನಿಯರ್ ಕರೆಸಿಕೊಂಡರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವಾಗ ಕುರ್ಚಿ ಕೊಟ್ಟು ಹೇಳುವವರು.

"ನೋಡಿ, ಒಳಗೆ ಇಳಿಯೋಕೆ ಆಗದವರನ್ನ ಬಾಯ್ಲರ್ ಮನೆಗೆ ಮುಖ್ಯಸ್ಥ ಅಂತ ಇಡೋಕೆ ನಮ್ಮ ನಿಯಮ ಒಪ್ಪಲ್ಲ. ಮುಂದಿನ ವರ್ಷದಿಂದ ಹೊರಗಿನವರಿಗೇ ಕೊಟ್ಟುಬಿಡೋಣ ಅಂತಿದೀನಿ. ನಿಮಗೆ ಸಂಬಳಕ್ಕೇನೂ ತೊಂದರೆ ಇಲ್ಲ. ಗೇಟಿನ ಹತ್ತಿರ ಪಾಸ್ ಕೌಂಟರಲ್ಲಿ ಜಾಗ ಇದೆ. ಫ್ಯಾನ್ ಕೆಳಗೆ ಕೂತು ಚೀಟಿ ಹರಿದು ಕೊಡೋದು."

"ಮುಂದಿನ ತಪಾಸಣೆಗೆ ಇನ್ನೂ ಹನ್ನೊಂದು ತಿಂಗಳು ಚಿಲ್ಲರೆ ಇದೆಯಲ್ಲ ಸಾರ್?"

"ಇದೆ."

"ಅಲ್ಲೀತನಕ ಆ ಕುರ್ಚಿ ಖಾಲಿ ಬಿಡಿ. ನಾನು ಇಳೀತೀನಿ."

"ತೂಕದಲ್ಲಾ, ಬಾಯ್ಲರ್ ಒಳಗಾ?"

"ಮೊದಲು ಅದು ಸಾರ್, ಆಮೇಲೆ ಇದು."

ಅವನನ್ನು ಚುಚ್ಚುತ್ತಿದ್ದದ್ದು ಬಿರಡೆ ಅನ್ನುವ ಹೆಸರಲ್ಲ, ಪ್ಯಾಂಟೂ ಅಲ್ಲ. ಆ ಹದಿನೈದು ನಿಮಿಷ. ಬಾಯ್ಲರಿನ ಹಿಂಬದಿಯಲ್ಲಿ, ಮೂರನೆಯ ಸಾಲಿನ ಕೊಳವೆಗಳ ಆಚೆ, ಒಂದು ಮೂಲೆ ಇದೆ. ನೀರು ಅಲ್ಲಿ ಸರಿಯಾಗಿ ಓಡಾಡುವುದಿಲ್ಲ, ಹಾಗಾಗಿ ಸುಣ್ಣ ಅಲ್ಲೇ ಬಂದು ಕೂರುತ್ತದೆ. ಸುಣ್ಣ ದಪ್ಪವಾದರೆ ಕೊಳವೆ ಕಾಯುತ್ತದೆ, ಕಾದದ್ದು ಒಂದು ದಿನ ಬಿರಿಯುತ್ತದೆ. ಆ ಮೂಲೆ ಕೆರೆಯಲು ಅವನಿಗೇ ಒಂದೂವರೆ ಗಂಟೆ ಬೇಕು, ಅದೂ ಒಂದು ಪಕ್ಕೆಯ ಮೇಲೆ ಮಲಗಿ. ಊದುಬತ್ತಿ ಅತ್ತ ತಿರುಗಿಯೂ ನೋಡಿಲ್ಲ ಅನ್ನುವುದು ಅವನಿಗೆ ಖಾತ್ರಿ. ಆದರೆ ಒಳಗೆ ಹೋಗಿ ಬಂದವನ ಮಾತಿನ ಎದುರು ಬಾಗಿಲಲ್ಲಿ ಸಿಕ್ಕಿಕೊಂಡವನ ಮಾತಿಗೆ ಏನು ತೂಕ? ಅವನ ತೂಕವೆಲ್ಲ ಬೇರೆ ಕಡೆ ಇತ್ತು.

ಕೆಲಸಕ್ಕೆ ಸೇರಿದಾಗ ಅವನಿಗೆ ಇಪ್ಪತ್ತೊಂಬತ್ತು ವರ್ಷ, ಅರವತ್ತೆರಡು ಕಿಲೋ. ಆಗ ಬಾಯ್ಲರ್ ಕಲ್ಲಿದ್ದಲು ತಿನ್ನುತ್ತಿತ್ತು, ತಿನ್ನಿಸುವವನು ಇವನು. ದಿನಕ್ಕೆ ಒಂದೂವರೆ ಟನ್ನು, ಸಲಿಕೆಯಲ್ಲಿ. ಅವನ ಬೆನ್ನು ನೋಡಿದರೆ ಹಗ್ಗ ಹೊಸೆದಂತೆ ಇತ್ತು ಎಂದು ಹೆಂಡತಿ ಈಗಲೂ ಹೇಳುತ್ತಾಳೆ, ಸತ್ತುಹೋದ ಯಾರದೋ ಗುಣಗಾನ ಮಾಡುವ ದನಿಯಲ್ಲಿ. ಹನ್ನೊಂದು ವರ್ಷದ ಕೆಳಗೆ ಗ್ಯಾಸ್ ಬರ್ನರ್ ಬಂತು. ಸಲಿಕೆ ಹೋಗಿ ಗುಂಡಿ ಬಂತು. ಗುಂಡಿ ಒತ್ತುತ್ತ ಒತ್ತುತ್ತ ಮನುಷ್ಯ ಗುಂಡಗಾದ. ಹೊಟ್ಟೆಪಾಡು ಅಂದರೆ ಹೊಟ್ಟೆಗಾಗಿ ಪಡುವ ಪಾಡು ಎಂದು ಎಲ್ಲರೂ ತಿಳಿದಿದ್ದಾರೆ. ಇವನದು ಹೊಟ್ಟೆಯಿಂದಲೇ ಪಡುವ ಪಾಡು.

ಆಸ್ಪತ್ರೆಯಲ್ಲಿ ಕೆಲಸ ಮಾಡುವುದರ ಒಂದು ಅನುಕೂಲ ಎಂದರೆ ಸಲಹೆಗೆ ದೂರ ಹೋಗಬೇಕಿಲ್ಲ. ಎರಡನೆಯ ಮಹಡಿಯ ಡಯಟ್ ಮೇಡಂ ಹತ್ತಿರ ಹೋದ. ಅವರು ಸಣ್ಣ ಆಳು, ದೊಡ್ಡ ಕನ್ನಡಕ. ಅವನನ್ನು ಮೇಲಿಂದ ಕೆಳಗೆ ನೋಡಿ, "ಏನು ಬೇಕು?" ಅಂದರು.

"ಹನ್ನೆರಡು ಇಂಚು ಮೇಡಂ."

ವಿಷಯ ತಿಳಿದ ಮೇಲೆ ಅವರು ನಗಲಿಲ್ಲ. ಆವತ್ತು ಇಡೀ ಆಸ್ಪತ್ರೆಯಲ್ಲಿ ನಗದೆ ಇದ್ದವರು ಅವರೊಬ್ಬರೇ. ಹಾಗಾಗಿ ಅವರು ಹೇಳಿದ್ದನ್ನೆಲ್ಲ ಮಾಡಲು ಬಾಯ್ಲರಣ್ಣ ಆ ಕ್ಷಣವೇ ತೀರ್ಮಾನಿಸಿದ. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಅನ್ನ, ಉಳಿದದ್ದು ಮೊಟ್ಟೆಯೋ ಬೇಳೆಯೋ. ಸಂಜೆ ಏಳರ ಮೇಲೆ ಬಾಯಿಗೆ ಬೀಗ. ಬೆಳಿಗ್ಗೆ ಐದೂವರೆಗೆ ಎದ್ದು ಮುಕ್ಕಾಲು ಗಂಟೆ ಬಿರುಸು ನಡಿಗೆ. ಅದರ ಜೊತೆ ಬಾಯ್ಲರ್ ಮನೆಯಿಂದ ತಾರಸಿಯ ನೀರಿನ ಟ್ಯಾಂಕಿನ ತನಕ ಆರು ಮಹಡಿಯ ಮೆಟ್ಟಿಲು, ದಿನಕ್ಕೆ ಮೂರು ಸಲ. "ಎಲ್ಲಾ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ," ಅಂದರು ಮೇಡಂ.

ಬರೆದಿಡುವುದನ್ನು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಗಂಟೆಗೊಮ್ಮೆ ಒತ್ತಡ, ನೀರಿನ ಮಟ್ಟ, ಹೊಗೆಯ ಶಾಖ ಬರೆಯುತ್ತ ಇಪ್ಪತ್ತೆರಡು ವರ್ಷ ಕಳೆದವನು. ಬಾಯ್ಲರಿನ ಲಾಗ್ ಪುಸ್ತಕದ ಮಾದರಿಯಲ್ಲೇ ತನಗೂ ಒಂದು ಪುಸ್ತಕ ಗೀಟು ಹಾಕಿಕೊಂಡ: ಇಂಧನ, ಕೆಲಸ, ತೂಕ, ಸುರಕ್ಷತೆ, ಷರಾ.

"ಡಯಟ್ ಅಂದ್ರೇನು ಗೊತ್ತಾ ಭಾವ?" ಅಂದ ಷಡ್ಡಕ. "ಒಂದು ಕಡೆಯಿಂದ 'ಡೈ', ಇನ್ನೊಂದು ಕಡೆಯಿಂದ 'ಏಟು'. ಸಾಯೋವರೆಗೂ ಹೊಡೆತ."

"ನಗು ನಗು. ನೀನು ಒಂದು ಕೆಲಸ ಮಾಡು. ನನಗೊಂದು ಪ್ಲೈವುಡ್ ಹಲಗೆ ಕೊರೆದು ಕೊಡು. ಹದಿನಾರು, ಹನ್ನೆರಡು. ಮೊಟ್ಟೆಯಾಕಾರ."

ಹಲಗೆ ಮನೆಗೆ ಬಂತು. ಪ್ರತಿ ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಪರೀಕ್ಷೆ. ಬಾಯ್ಲರಣ್ಣ ಎರಡೂ ಕಾಲು ತೂತಿನೊಳಗೆ ಇಟ್ಟು, ಕೈ ಮೇಲೆತ್ತಿ ನಿಲ್ಲುವುದು. ಹೆಂಡತಿ ಒಂದು ಅಂಚು, ಷಡ್ಡಕ ಇನ್ನೊಂದು ಅಂಚು ಹಿಡಿದು ಹಲಗೆಯನ್ನು ಕೆಳಗಿಂದ ಮೇಲಕ್ಕೆ ಏರಿಸುವುದು. ಎಲ್ಲಿ ನಿಂತಿತೋ ಅಲ್ಲಿ ಹೆಂಡತಿ ಸೀಮೆಸುಣ್ಣದಿಂದ ಅವನ ಬನಿಯನ್ ಮೇಲೆ ಗೆರೆ ಎಳೆಯುವುದು. ಅವಳು ಬಟ್ಟೆ ಆಲ್ಟರೇಷನ್ ಮಾಡುವವಳು. ಸೀಮೆಸುಣ್ಣ ಅವಳ ಕಿವಿಯ ಹಿಂದೆಯೇ ಇರುತ್ತದೆ.

"ಇದೇನೇ, ನನ್ನ ಮಗನಿಗೆ ಬಾಗಿಲ ಚೌಕಟ್ಟು ತೊಡಿಸ್ತಾ ಇದೀರಾ?" ಅಂದಳು ಅವನ ತಾಯಿ ಮೊದಲ ದಿನ.

"ಇಲ್ಲ ಅತ್ತೆ, ಚೌಕಟ್ಟಿಗೆ ನಿಮ್ಮ ಮಗನ್ನ ತೊಡಿಸ್ತಾ ಇದೀವಿ."

"ಚಿಕ್ಕಂದಿನಲ್ಲಿ ಎರಡು ತುತ್ತು ತಿನ್ನಿಸೋಕೆ ಊರೆಲ್ಲ ಅಟ್ಟಾಡಿಸ್ತಿದ್ದ. ಆಗ ಈ ಹಲಗೆ ಇದ್ದಿದ್ರೆ ಹತ್ತು ಸಲ ತೂರಿ ಹೋಗ್ತಿದ್ದ."

"ಆಗ ಬಾಯ್ಲರ್ ಇರಲಿಲ್ಲವಲ್ಲಮ್ಮ," ಅಂದ ಮಗ, ಕೈ ಇನ್ನೂ ಮೇಲೆತ್ತಿಕೊಂಡೇ.

ಸೋಮವಾರ ತೂಕ. ಅದಕ್ಕೆ ಲಾಂಡ್ರಿಯಲ್ಲಿ ಮೈಲಿಗೆ ಬಟ್ಟೆಯ ಗಂಟು ತೂಗುವ ದೊಡ್ಡ ಕಾಟಾ ಇತ್ತು. ಗಡಿಯಾರದಂಥ ಮುಖ, ಗೇಣುದ್ದದ ಮುಳ್ಳು. ಎರಡು ಗಂಟಿನ ನಡುವೆ ಅವನು ಹತ್ತಿ ನಿಲ್ಲುತ್ತಿದ್ದ. ಲಾಂಡ್ರಿ ಅಕ್ಕ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಮೊದಲ ವಾರ ತೊಂಬತ್ತಾರು. ತಿಂಗಳಿಗೆ ತೊಂಬತ್ಮೂರು. ಮೂರನೆಯ ತಿಂಗಳಿಗೆ ಎಂಬತ್ತೆಂಟು. ಪ್ಯಾಂಟುಗಳನ್ನು ಹೆಂಡತಿ ಎರಡು ಸಲ ಹಿಡಿದು ಹೊಲಿದಳು. ಐದನೆಯ ತಿಂಗಳ ಒಂದು ಸೋಮವಾರ ಮುಳ್ಳು ಎಂಬತ್ತನಾಲ್ಕಕ್ಕೆ ಬಂದು ನಿಂತಿತು. ಅವತ್ತು ಲಾಂಡ್ರಿಯ ಹೆಂಗಸರೆಲ್ಲ ಚಪ್ಪಾಳೆ ಹೊಡೆದರು.

ಮುಂದಿನ ವಾರವೂ ಎಂಬತ್ತನಾಲ್ಕು. ಅದರ ಮುಂದಿನ ವಾರವೂ.

"ಕಾಟಾ ಕೆಟ್ಟಿದೆಯೇನೋ ನೋಡಕ್ಕ."

"ಗಂಟುಗಳೆಲ್ಲ ಸರಿಯಾಗೇ ತೂಗ್ತಾ ಇವೆಯಪ್ಪ. ನಿನ್ನೊಬ್ಬನಿಗೆ ಕೆಡುತ್ತಾ?"

ಆರನೆಯ ವಾರ ಚಪ್ಪಲಿ ಬಿಟ್ಟು ನಿಂತ. ಏಳನೆಯ ವಾರ ಜೇಬಿನ ಬೀಗದ ಕೈಗೊಂಚಲು ತೆಗೆದಿಟ್ಟ. ಎಂಟನೆಯ ವಾರ ಕ್ಷೌರ ಮಾಡಿಸಿಕೊಂಡು ಬಂದ. ಎಂಬತ್ತನಾಲ್ಕು. ಮೆಟ್ಟಿಲನ್ನು ಮೂರರಿಂದ ಐದು ಸಲಕ್ಕೆ ಏರಿಸಿದ. ಆರನೆಯ ಮಹಡಿಯ ನರ್ಸುಗಳು ಅವನು ಕಂಡಾಗಲೆಲ್ಲ ಕೈಗಡಿಯಾರ ಸರಿಮಾಡಿಕೊಳ್ಳತೊಡಗಿದರು. ಅನ್ನವನ್ನು ಕಾಲು ಭಾಗದಿಂದ ಅರೆಕಾಲಿಗೆ ಇಳಿಸಿದ. ಕಾಟಾ ಕೊಡುವ ಕಾಟ ಇಳಿಯಲಿಲ್ಲ. ಭಾನುವಾರದ ಹಲಗೆಯೂ ಬೆಲ್ಟಿನ ಮಟ್ಟಕ್ಕೆ ಬಂದು, ಒಂದು ಬೆರಳಿನಷ್ಟು ಬಾಕಿ ಇಟ್ಟು ನಿಲ್ಲುತ್ತಿತ್ತು. ಒಂದೇ ಒಂದು ಬೆರಳು. ಬನಿಯನ್ ಮೇಲೆ ಸೀಮೆಸುಣ್ಣದ ಗೆರೆ ಹೋದ ವಾರದ ಗೆರೆಯ ಮೇಲೆಯೇ ಬೀಳುತ್ತಿತ್ತು.

"ಭಾವ, ತೂತನ್ನೇ ಒಂದು ಬೆರಳು ದೊಡ್ಡದು ಮಾಡಿಬಿಡ್ಲಾ?" ಅಂದ ಷಡ್ಡಕ.

"ಹಲಗೆಗೆ ಮಾಡಬಹುದು. ಬಾಯ್ಲರಿಗೆ ಯಾರು ಮಾಡ್ತಾರೆ?"

ಹೆಂಡತಿ ಹಲಗೆ ಕೆಳಗಿಟ್ಟು ಅವನ ಮುಖ ನೋಡಿದಳು. "ರೀ, ಆ ಕೌಂಟರ್ ಕೆಲಸ ಅಷ್ಟು ಕೆಟ್ಟದಾ?"

ಅವನು ಬನಿಯನ್ ಮೇಲಿನ ಸೀಮೆಸುಣ್ಣದ ಗೆರೆ ಕೊಡವಿಕೊಂಡ. ಆದರೆ ಮರುದಿನ ಊಟದ ಹೊತ್ತಿನಲ್ಲಿ ಗೇಟಿನ ಹತ್ತಿರ ಹೋಗಿ ಪಾಸ್ ಕೌಂಟರ್ ನೋಡಿದ. ಒಳಗೆ ಯಾರೂ ಇರಲಿಲ್ಲ. ಫ್ಯಾನ್ ತಿರುಗುತ್ತಿತ್ತು. ಚೀಟಿಯ ಕಟ್ಟು, ರಬ್ಬರ್ ಮೊಹರು, ಮೆತ್ತೆ ಹಾಕಿದ ಅಗಲವಾದ ಕುರ್ಚಿ. ಸುಮ್ಮನೆ ಒಂದು ನಿಮಿಷ ಕೂತ. ಕುರ್ಚಿ ಎರಡೂ ತೋಳು ಚಾಚಿ ಅವನನ್ನು ಬರಮಾಡಿಕೊಂಡಿತು. ಎಲ್ಲೂ ಒತ್ತಲಿಲ್ಲ, ಎಲ್ಲೂ ಚುಚ್ಚಲಿಲ್ಲ. ತಿಂಗಳುಗಳಿಂದ ಅವನು ಹೊಕ್ಕ ಜಾಗಗಳಲ್ಲಿ ಅವನಿಗೆ ಸರಿಯಾಗಿ ಹೊಂದಿದ್ದು ಅದೊಂದೇ. ಹಾಯಾಗಿತ್ತು. ಎಷ್ಟು ಹಾಯಾಗಿತ್ತೆಂದರೆ, ಎರಡನೆಯ ನಿಮಿಷಕ್ಕೆ ಅವನ ಕಣ್ಣೆವೆ ಭಾರವಾಯಿತು. ದಡಕ್ಕನೆ ಎದ್ದ. ತೂಕ ಇಳಿಸಲು ಹೊರಟವನಿಗೆ ತೂಕಡಿಕೆ ಬಂದರೆ ಮುಗಿಯಿತು ಕತೆ. ಆ ಮಧ್ಯಾಹ್ನ ಮೆಟ್ಟಿಲನ್ನು ಆರನೆಯ ಸಲ ಹತ್ತಿದ.

ಅವತ್ತಿನಿಂದ ರಾತ್ರಿಯ ಊಟವನ್ನೇ ಬಿಟ್ಟ. ನಾಲ್ಕನೆಯ ದಿನ ತಾರಸಿಯ ಮೆಟ್ಟಿಲಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟ. ಸುದ್ದಿ ಡಯಟ್ ಮೇಡಂಗೆ ಮುಟ್ಟಿತು. ಅವರು ಕೂಗಿದರು, ಸಣ್ಣ ಆಳಿನೊಳಗೆ ಅಷ್ಟು ದೊಡ್ಡ ದನಿ ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ.

"ಊಟ ಬಿಡಿ ಅಂತ ಯಾರ್ರೀ ಹೇಳಿದ್ದು? ನೀವು ಬಾಯ್ಲರ್ ನಡೆಸೋರಲ್ವಾ? ಇಂಧನ ಕಮ್ಮಿ ಬರ್ತಾ ಇದೆ ಅಂದ್ರೆ ನೀವೇನ್ ಮಾಡ್ತೀರಿ?"

"ಬೆಂಕಿ ಇಳಿಸಿ ಇಡ್ತೀನಿ ಮೇಡಂ. ಆರಿಸಲ್ಲ. ಸಣ್ಣಗೆ ಉರಿಯೋ ಹಾಗೆ."

"ನಿಮ್ಮ ಮೈಯೂ ಅದನ್ನೇ ಮಾಡಿದೆ. ಹನ್ನೆರಡು ಕಿಲೋ ಇಳಿದ ಮೇಲೆ ಅದಕ್ಕೆ ಮೊದಲಿನಷ್ಟು ಬೇಕಾಗೂ ಇಲ್ಲ, ಮೇಲಿಂದ ನೀವು ಇನ್ನೂ ಕಡಿತ ಮಾಡಿದ್ರಿ. ಅದು ಬೆಂಕಿ ಇಳಿಸಿಕೊಂಡು ಕೂತಿದೆ."

ತನ್ನೊಳಗೆ ಯಾರೋ ತನ್ನಷ್ಟೇ ಬುದ್ಧಿವಂತ ಅಟೆಂಡೆಂಟ್ ಕೂತಿದ್ದಾನೆ ಎಂದು ತಿಳಿದು ಬಾಯ್ಲರಣ್ಣನಿಗೆ ಸಿಟ್ಟೂ ಬಂತು, ಸ್ವಲ್ಪ ಹೆಮ್ಮೆಯೂ ಆಯಿತು.

"ಆದ್ರೂ," ಅಂದರು ಮೇಡಂ, ಅವನ ನೋಟ್‌ಬುಕ್ ತಿರುವುತ್ತ, "ನೀವು ಇಲ್ಲಿ ಬರೆದಿರೋದೆಲ್ಲ ನಿಜ ಆದ್ರೆ ಮೂರು ತಿಂಗಳು ನಿಲ್ಲಬಾರದು. ಏನೋ ಬಿಟ್ಟಿದೀರಿ."

"ಒಂದು ಕಡಲೆಬೀಜ ತಿಂದಿದ್ರೂ ಬರೆದಿದೀನಿ ಮೇಡಂ. ನಮ್ಮ ಲಾಗ್ ಪುಸ್ತಕದಲ್ಲಿ ಸುಳ್ಳು ಬರೆಯೋ ಪದ್ಧತಿ ಇಲ್ಲ."

ಮರುದಿನ ಮೇಡಂ ತಾವೇ ಬಾಯ್ಲರ್ ಮನೆಗೆ ಇಳಿದು ಬಂದರು. ಅವರ ಸೇವಾವಧಿಯಲ್ಲೇ ಮೊದಲ ಸಲ. ಒಂದು ಮುರುಕಲು ಸ್ಟೂಲಿನ ಮೇಲೆ ಕೂತು ಎರಡು ಗಂಟೆ ಅವನನ್ನೇ ನೋಡಿದರು. ಅವನು ಗುಂಡಿ ಒತ್ತಿದ, ಗಾಜಿನ ಕೊಳವೆಯಲ್ಲಿ ನೀರು ನೋಡಿದ, ಬರೆದ. ಹತ್ತು ಗಂಟೆಗೆ ಅಡುಗೆ ಮನೆಯಿಂದ ಮುಚ್ಚಳದ ಒಂದು ಸ್ಟೀಲ್ ಕ್ಯಾನು ಬಂತು. ಬಾಯ್ಲರಣ್ಣ ಕಣ್ಣನ್ನು ಒತ್ತಡದ ಮುಳ್ಳಿನಿಂದ ತೆಗೆಯದೆಯೇ ಒಂದು ದೊಡ್ಡ ಲೋಟ ಬಗ್ಗಿಸಿಕೊಂಡು ಗಟಗಟ ಕುಡಿದ, ಬಾಯಿ ಒರೆಸಿಕೊಂಡ, ಪುಸ್ತಕದಲ್ಲಿ ಒಂದು ಗುರುತು ಹಾಕಿದ.

"ಏನ್ರೀ ಅದು?"

"ಇದಾ? ಇದು ಸೇಫ್ಟಿ ಮೇಡಂ."

"ಸೇಫ್ಟಿ ಅಂದ್ರೆ?"

"ಶಾಖದಲ್ಲಿ ಕೆಲಸ ಮಾಡೋರಿಗೆ ಎರಡು ಗಂಟೆಗೊಂದು ಲೋಟ ನಿಂಬೆ ಶರಬತ್ತು. ಮೊದಲಿಂದಲೂ ಇರೋ ನಿಯಮ. ಕೈಗವಸು, ಕಿವಿ ಬಿರಡೆ, ಶರಬತ್ತು, ಮೂರೂ ಕಡ್ಡಾಯ. ಕುಡೀದಿದ್ರೆ ಮೆಮೊ ಕೊಡ್ತಾರೆ."

ಮೇಡಂ ಪುಸ್ತಕ ಕಿತ್ತುಕೊಂಡರು. ಸುರಕ್ಷತೆಯ ಕಾಲಮ್ಮಿನಲ್ಲಿ ದಿನಕ್ಕೆ ನಾಲ್ಕು ಗುರುತು, ಒಂದು ದಿನವೂ ತಪ್ಪಿಲ್ಲದೆ, ಎಂಟು ತಿಂಗಳು. ಹೆಚ್ಚುವರಿ ಪಾಳಿಯ ದಿನ ಐದು.

"ಇದರಲ್ಲಿ ಸಕ್ಕರೆ ಎಷ್ಟು?"

"ಅದು ಅಡುಗೆಯವರನ್ನ ಕೇಳಬೇಕು. ನಾನು ಸುರಕ್ಷಿತವಾಗಿ ಇರೋನು ಅಷ್ಟೆ."

ಅಡುಗೆಯವರನ್ನು ಕೇಳಿದರು. ಲೋಟಕ್ಕೆ ನಾಲ್ಕು ದೊಡ್ಡ ಚಮಚ. ಒಂದೂವರೆ ಟನ್ನು ಕಲ್ಲಿದ್ದಲು ಎತ್ತುವವನಿಗೆ ಎಂದೋ ಯಾರೋ ಗೊತ್ತುಮಾಡಿದ ಅಳತೆ. ಸಲಿಕೆ ಗುಜರಿಗೆ ಹೋಗಿ ಹನ್ನೊಂದು ವರ್ಷವಾಗಿತ್ತು. ಶರಬತ್ತಿಗೆ ಆ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅದು ಆಹಾರ ಎಂದು ಅವನಿಗೆ ಒಂದು ಸಲವೂ ಹೊಳೆದಿರಲಿಲ್ಲ. ಹೆಲ್ಮೆಟ್ಟನ್ನು ಯಾರಾದರೂ ಊಟದ ಲೆಕ್ಕಕ್ಕೆ ಬರೆಯುತ್ತಾರೆಯೇ?

ಅಂದಿನಿಂದ ಕ್ಯಾನಿನಲ್ಲಿ ನಿಂಬೆ, ನೀರು, ಚಿಟಿಕೆ ಉಪ್ಪು ಬರತೊಡಗಿತು. ರಾತ್ರಿಯ ಊಟ ಮತ್ತೆ ಶುರುವಾಯಿತು, ಮೇಡಂ ಅಪ್ಪಣೆಯ ಪ್ರಕಾರ. ಮೂರನೆಯ ಸೋಮವಾರ ಮುಳ್ಳು ಎಂಬತ್ಮೂರಕ್ಕೆ ಸರಿಯಿತು. ಲಾಂಡ್ರಿ ಅಕ್ಕ ಎರಡು ಸಲ ಕನ್ನಡಕ ಒರೆಸಿ ಓದಿದಳು. ಆರು ವಾರಕ್ಕೆ ಎಂಬತ್ತೆರಡು.

ಮತ್ತೆ ಅಲ್ಲೇ ನಿಂತಿತು.

ತಪಾಸಣೆಗೆ ಐದು ವಾರ ಉಳಿದಿತ್ತು. ಈ ಸಲ ಯಾವ ಕ್ಯಾನೂ ಇರಲಿಲ್ಲ, ಯಾವ ಗುಟ್ಟೂ ಇರಲಿಲ್ಲ. ಎಂಬತ್ತೆರಡು, ಎಂಬತ್ತೆರಡು, ಎಂಬತ್ತೆರಡು. ಮೂರನೆಯ ಸೋಮವಾರ ಅವನು ಮನೆಗೆ ಬಂದು ನೋಟ್‌ಬುಕ್ಕನ್ನು ಹೊಲಿಗೆ ಯಂತ್ರದ ಮೇಲೆ ಎಸೆದ. "ಎಂಬತ್ತಕ್ಕೆ ಬಂದ್ರೆ ಇಳೀತೀನಿ ಅಂದುಕೊಂಡಿದ್ದೆ. ಬರೋ ಹಾಗೆ ಕಾಣಲ್ಲ."

ಹೆಂಡತಿ ಯಂತ್ರ ನಿಲ್ಲಿಸಿದಳು. "ಎಂಬತ್ತು ಅಂತ ಯಾರು ಹೇಳಿದ್ದು? ಬಾಯ್ಲರ್ ಹೇಳ್ತಾ?"

"ಲೆಕ್ಕ ಹಾಕಿದ್ದೆ."

"ರೀ, ಆ ತೂತಿಗೆ ಕಾಟಾ ಕಟ್ಟಿದಾರಾ? ನೀವೆಷ್ಟು ಕಿಲೋ ಅಂತ ಅದು ಕೇಳಲ್ಲ. ಎಷ್ಟು ಇಂಚು ಅಂತ ಕೇಳುತ್ತೆ. ಬನ್ನಿ ಇಲ್ಲಿ, ಕೈ ಎತ್ತಿ."

ಟೇಪು ಸುತ್ತಿದಳು. ಹೋದ ವರ್ಷ ನಲವತ್ತೈದು ಇದ್ದದ್ದು, ಕಾಟಾ ಮೊದಲ ಸಲ ಮುನಿಸಿಕೊಂಡಾಗ ನಲವತ್ತೊಂದು. ಈಗ ಮೂವತ್ತೊಂಬತ್ತೂವರೆ. "ಹೋದ ತಿಂಗಳಿಂದ ತೂಕ ಒಂದು ಗುಲಗಂಜಿ ಇಳಿದಿಲ್ಲ ಅಂತೀರಿ. ಸೊಂಟ ಅರ್ಧ ಇಂಚು ಇಳಿದಿದೆ. ನಿಮ್ಮ ಮೆಟ್ಟಿಲು ಎಲ್ಲೋ ಹೋಗಿಲ್ಲ, ತೊಡೆಗೆ ಬಂದು ಕೂತಿದೆ. ಪ್ಯಾಂಟು ಹಿಡಿಯೋಳು ನಾನು, ನನಗೆ ಗೊತ್ತಾಗಲ್ವಾ?"

"ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಸೋಮವಾರ ಸೋಮವಾರ ಲಾಂಡ್ರಿ ಅಕ್ಕನ್ನ ಕೇಳ್ತಿದ್ರಿ. ನನ್ನ ಕೇಳಿದ್ರಾ?"

ಅವತ್ತಿನಿಂದ ಕಾಟಾ ಹತ್ತುವುದನ್ನು ನಿಲ್ಲಿಸಿದ. ಮೆಟ್ಟಿಲು ನಿಲ್ಲಿಸಲಿಲ್ಲ, ನಡಿಗೆ ನಿಲ್ಲಿಸಲಿಲ್ಲ, ತಟ್ಟೆಯ ಅರ್ಧ ತರಕಾರಿಯನ್ನು ಹಲ್ಲು ಕಚ್ಚಿ ತಿಂದ. ಅದರ ಮೇಲೆ ಬೆಳಿಗ್ಗೆ ಹದಿನೈದು ನಿಮಿಷ ಹಲಗೆಯ ಅಭ್ಯಾಸ. ಎರಡೂ ಕೈ ಒಟ್ಟಿಗೆ ಎತ್ತಿದರೆ ಎದೆ ಅಗಲವಾಗುತ್ತದೆ. ಒಂದನ್ನು ಮೇಲೆ, ಒಂದನ್ನು ತೊಡೆಗೆ ಅಂಟಿಸಿದರೆ ಭುಜ ಓರೆಯಾಗಿ ಜಾರುತ್ತದೆ. ಉಸಿರನ್ನು ಒಂದೇ ಸಲ ಬಿಟ್ಟರೆ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಮೂರು ಕಂತಿನಲ್ಲಿ ಬಿಡಬೇಕು. ಮೊಟ್ಟೆಯ ಉದ್ದಕ್ಕೆ ಸೊಂಟದ ಅಗಲ ಬರುವಂತೆ ಕಾಲು ತಿರುಗಿಸಬೇಕು. ಇಪ್ಪತ್ತೊಂದು ವರ್ಷ ಯೋಚಿಸದೆ ಇಳಿದದ್ದನ್ನು ಐವತ್ತೊಂದನೆಯ ವಯಸ್ಸಿನಲ್ಲಿ ಅಕ್ಷರಾಭ್ಯಾಸದಂತೆ ಕಲಿತ. ತಪಾಸಣೆಗೆ ಐದು ದಿನ ಇರುವಾಗ, ಒಂದು ಬೆಳಿಗ್ಗೆ, ಹಲಗೆ ಬೆಲ್ಟಿನ ಮಟ್ಟದಲ್ಲಿ ಒಂದು ಗಳಿಗೆ ಯೋಚಿಸಿ, ಚರ್ಮದ ಒಂದು ಪದರವನ್ನು ಸುಂಕವಾಗಿ ವಸೂಲಿ ಮಾಡಿ, ಮೇಲೆ ಹೋಯಿತು. ಷಡ್ಡಕ ಹಿಡಿದುಕೊಂಡಿದ್ದ ಅಂಚನ್ನು ಬಿಟ್ಟು ಕುಣಿದ. ತಾಯಿ ಒಳಗಿಂದ ಬಂದು, "ಅಯ್ಯೋ, ಪಕ್ಕೆಯೆಲ್ಲ ಕೆಂಪಗಾಗಿದೆ! ಯಾರೋ ಅದು ಹೊಡೆದಿದ್ದು?" ಅಂದಳು.

ತಪಾಸಣೆಯ ದಿನ ಬಾಯ್ಲರ್ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚೀಫ್ ಎಂಜಿನಿಯರ್, ಇನ್ಸ್‌ಪೆಕ್ಟರ್, ಡಯಟ್ ಮೇಡಂ, ಲಾಂಡ್ರಿಯ ಅರ್ಧ ಪಾಳಿ. ಬಾಗಿಲ ಬಳಿ ಹೊರಗಿನ ಕಂಪನಿಯ ಊದುಬತ್ತಿಯೂ ನಿಂತಿದ್ದ, ಚೀಫ್ ಅವರ ಮುಂಜಾಗ್ರತೆಯಾಗಿ. ಬಾಯ್ಲರಣ್ಣ ಅವನನ್ನು ನೋಡಿದ, ಮರ್ಯಾದೆಯಿಂದ ತಲೆಯಾಡಿಸಿ ನಮಸ್ಕಾರ ಹೇಳಿದ, ಏಣಿ ಹತ್ತಿದ.

ಕಾಲು ಹೋಯಿತು. ಮಂಡಿ ಹೋಯಿತು. ತೊಡೆ ಹೋಯಿತು. ಸೊಂಟ ನಿಂತಿತು.

ಹಲಗೆ ಅರ್ಧ ಇಂಚು ದಪ್ಪ. ಬಾಯ್ಲರಿನ ಬಾಯಿಗೆ ನಾಲ್ಕು ಇಂಚಿನ ಉಕ್ಕಿನ ಕತ್ತು. ಅದನ್ನು ಅವನು ಮರೆತಿದ್ದ. ಕೆಳಗೆ ಯಾರೋ ಕೆಮ್ಮಿದರು. ಷಡ್ಡಕ ಏಣಿಯ ಕಾಲು ಹಿಡಿದುಕೊಂಡು ಬಾಯಿಯನ್ನೂ ಹಿಡಿದುಕೊಂಡಿದ್ದ, ಜೀವಮಾನದಲ್ಲಿ ಮೊದಲ ಸಲ. ಬಾಯ್ಲರಣ್ಣ ಕಣ್ಣು ಮುಚ್ಚಿದ. ಕಾಲು ಸ್ವಲ್ಪ ತಿರುಗಿಸಿದ. ಉಸಿರಿನ ಮೊದಲ ಕಂತು ಬಿಟ್ಟ: ಏನೂ ಇಲ್ಲ. ಎರಡನೆಯ ಕಂತು: ಉಕ್ಕು ತಣ್ಣಗೆ ಪಕ್ಕೆಗೆ ಹತ್ತಿತು. ಮೂರನೆಯದು ಮುಗಿದು, ಬಿಡಲು ಇನ್ನೇನೂ ಇಲ್ಲ ಅನ್ನುವಾಗ, ನಾಲ್ಕನೆಯದೊಂದು ಎಲ್ಲಿತ್ತೋ ಬಂತು.

ಟೋಪಿಯೂ ಕಾಣದಾಯಿತು.

ಒಳಗೆ ಅವನು ಒಂದು ಪಕ್ಕೆಯ ಮೇಲೆ ಮಲಗಿ, ದೀಪ ಹಿಡಿದು, ಮೊಣಕೈಯಲ್ಲಿ ತೆವಳಿ ನೇರವಾಗಿ ಹಿಂಬದಿಯ ಮೂಲೆಗೆ ಹೋದ. ಅವನು ಅಂದುಕೊಂಡಂತೆಯೇ ಇತ್ತು. ಎರಡು ವರ್ಷದ ಸುಣ್ಣ, ಬೆರಳಿನ ದಪ್ಪ, ಬಿಳಿಯ ಗೋಡೆಯಂತೆ. ಯಾರ ಉಳಿಯೂ ತಾಗಿದ ಗುರುತಿಲ್ಲ. ಕೆರೆಯತೊಡಗಿದ. ಹಗ್ಗ ಕಟ್ಟಿದ ಬಕೆಟ್ ಮೇಲೆ ಹೋಯಿತು, ಖಾಲಿಯಾಗಿ ಬಂತು, ಮತ್ತೆ ಹೋಯಿತು. ಒಂದೂಮುಕ್ಕಾಲು ಗಂಟೆಯಲ್ಲಿ ಐದು ಬಕೆಟ್. ಐದನೆಯದನ್ನು ಇನ್ಸ್‌ಪೆಕ್ಟರ್ ತಾವೇ ಇಣುಕಿ ನೋಡಿ, ಒಂದು ಬಿಲ್ಲೆಯನ್ನು ಬೆರಳಿನಲ್ಲಿ ಹಿಡಿದು ಅಳೆದರು. "ಹೋದ ವರ್ಷ ಇದನ್ನ ಯಾರು ಕೆರೆದದ್ದು?" ಅಂದರು. ಬಾಗಿಲ ಬಳಿ ಊದುಬತ್ತಿ ಇದ್ದ ಜಾಗದಲ್ಲಿ ಈಗ ಬರೀ ಬಾಗಿಲಿತ್ತು.

ಒಳಗಿನಿಂದ ಸುತ್ತಿಗೆಯ ಸದ್ದು ಕೇಳಿತು. ಠಣ್. ಠಣ್. ಒಂದೊಂದು ಕೊಳವೆಗೂ ಒಂದೊಂದು. ಇನ್ಸ್‌ಪೆಕ್ಟರ್ ತಲೆ ಓರೆ ಮಾಡಿ ಕೊನೆಯ ತನಕ ಕೇಳಿದರು, ಫಾರಂ ತೆಗೆದು ಸಹಿ ಹಾಕಿದರು.

ಚೀಫ್ ಎಂಜಿನಿಯರ್ ಇಸ್ತ್ರಿ ಮಾಡಿದ ಅಂಗಿಯಲ್ಲೇ ಏಣಿ ಹತ್ತಿ ತೂತಿನೊಳಗೆ ಬಗ್ಗಿದರು.

"ಕೇಳಿಸ್ತಾ ಇದೆಯಾ? ಆ ಪಾಸ್ ಕೌಂಟರಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ. ಬಾಯ್ಲರ್ ಮನೆ ನಿಮ್ಮದೇ. ಮುಂದಿನ ವರ್ಷವೂ ನೀವೇ ತಾನೇ?"

ಕೆಳಗೆ ಲಾಂಡ್ರಿ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳಲು ಸಿದ್ಧಳಾದಳು. ತೂತಿನಿಂದ ಸುಣ್ಣ ಮೆತ್ತಿದ ಒಂದು ಕೈ ಮೇಲೆ ಬಂತು. ಟೋಪಿ ಬಂತು, ಒಂದು ಭುಜ ಬಂತು, ಆಮೇಲೆ ಎಲ್ಲವೂ ನಿಂತಿತು. ಬಾಯ್ಲರಣ್ಣ ಬಹಳ ಗಂಭೀರವಾಗಿ ಯೋಚಿಸುತ್ತಿರುವಂತೆ ಕಂಡಿತು.

"ಅದನ್ನ ಆಮೇಲೆ ಹೇಳ್ತೀನಿ ಸಾರ್," ಅಂದ. "ಮೊದಲು ಈ ವರ್ಷದ್ದು ಹೊರಗೆ ಬರಲಿ."